ತಲೆ ಆಡಿಸ್ತಾರೆ, ಹುಕ್ ಮಾತ್ರ ಹಾಕಲ್ಲ: ನಮ್ ಸೈಟಲ್ಲಿ ಸರಿಹೋಗಿದ್ದು ಹೀಗೆ

ನಮ್ದು ಕಟ್ಟಡ ಕೆಲಸದ ಸೈಟು. ಎತ್ತರದಿಂದ ಬೀಳದ ಹಾಗೆ ತಡೆಯೋ ಸೇಫ್ಟಿ ಬೆಲ್ಟ್ ಎಲ್ಲರೂ ಹಾಕ್ಕೊಂಡೇ ಮೇಲೆ ಹತ್ತೋರು, ಅದರ ಹಗ್ಗದ ತುದೀಲಿರೋ, ಗಟ್ಟಿ ಜಾಗಕ್ಕೆ ಸಿಕ್ಕಿಸ್ಬೇಕಾದ ಹುಕ್ ಮಾತ್ರ ಬೆನ್ನ ಹಿಂದೆ ನೇತಾಡ್ತಿರೋದು. ಕೇಳಿದ್ರೆ "ಗೊತ್ತು ಸಾರ್".

ಪೋಸ್ಟರ್ ಅಂಟಿಸಿದ್ವಿ, ಓದೋಕೆ ಬರದೋರೇ ಜಾಸ್ತಿ. ಒಂದು ಗಂಟೆ ಮೀಟಿಂಗಲ್ಲಿ ಹಿಂದಿನ ಸಾಲು ನಿದ್ದೆ. ದಂಡ ಹಾಕಿದ್ದು ಇನ್ನೂ ಕೆಟ್ಟದು, ನಾನು ಕಂಡಾಗ ಮಾತ್ರ ಹುಕ್ ಹಾಕೋರು.

ಕೊನೆಗೆ ವರ್ಕ್ ಆಗಿದ್ದು ಇದು: ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಆಫೀಸಲ್ಲಲ್ಲ, ಸ್ಕ್ಯಾಫೋಲ್ಡಿಂಗ್ ಬುಡದಲ್ಲೇ, 8-10 ಜನ, 5 ನಿಮಿಷ, ಒಂದೇ ವಿಷಯ. ಮೊದಲು ನಾನು ಬೆಲ್ಟ್ ಹಾಕಿ ತೋರಿಸ್ತೀನಿ, ಬೆನ್ನಿನ ಡಿ ರಿಂಗ್ (ಹಗ್ಗ ಸೇರಿಸೋ ಕಬ್ಬಿಣದ ಬಳೆ) ಎರಡೂ ಹೆಗಲ ಮೂಳೆ ಮಧ್ಯ ಬರ್ಬೇಕು, ತೊಡೆ ಪಟ್ಟಿ ಒಳಗೆ ಚಪ್ಪಟೆ ಕೈ ಹೋಗ್ಬೇಕು ಮುಷ್ಟಿ ಹೋಗ್ಬಾರ್ದು, ಹುಕ್ ಆದಷ್ಟೂ ತಲೆಗಿಂತ ಮೇಲೆ. ಆಮೇಲೆ "ಅರ್ಥ ಆಯ್ತಾ" ಅಂತ ಕೇಳೋದೇ ಬಿಟ್ಟೆ, ಹೂಂ ಅಂತಾನೇ ಬರುತ್ತೆ. ಹೊಸಬನ ಕೈಗೆ ಬೆಲ್ಟ್ ಕೊಟ್ಟು "ನೀನು ಇವ್ರಿಗೆ ತೋರ್ಸು" ಅಂತೀನಿ, ಅವನ ಭಾಷೇಲೇ ಹೇಳ್ಲಿ, ನಂಗೆ ತಿಳೀದಿದ್ರೂ ಕೈ ನೋಡಿದ್ರೆ ಗೊತ್ತಾಗುತ್ತೆ.

ಹಾಗೆ ತೋರಿಸ್ವಾಗ್ಲೇ ಒಬ್ಬ ಅಂದಿದ್ದು, ಜಾಗ ಬದಲಿಸೋವಾಗ ಬಿಚ್ಚಿದ್ರೆ ಮತ್ತೆ ಹಾಕೋಕೆ ಗಟ್ಟಿ ಜಾಗಾನೇ ಇಲ್ಲ ಅಂತ. ಲೈಫ್‌ಲೈನ್, ಅಂದ್ರೆ ಹುಕ್ ಸಿಕ್ಕಿಸೋಕೆ ಅಂತಾನೇ ಗಟ್ಟಿಯಾಗಿ ಕಟ್ಟೋ ಉದ್ದ ಹಗ್ಗ ಇಲ್ಲಾ ತಂತಿ, ಎಳೆಸಿ ಎರಡು ಹುಕ್ಕಿನ ಹಗ್ಗ ತರಿಸಿದ್ವಿ, ಈಗ ಎರಡನೇದು ಹಾಕಿದ್ಮೇಲೇ ಮೊದಲನೇದು ಬಿಚ್ಚೋದು.