ಮನೆಗೆ ಒಗ್ಗುವ ಸಿಮ್: ಮೊದಲು ಅಳೆಯಿರಿ, ಆಮೇಲೆ ಬದಲಿಸಿ

ಶೃಂಗೇರಿ ಸೀಮೆಯ ನಮ್ಮ ಮನೆಯಲ್ಲಿ ಒಂದು ಕಂಪನಿಯ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲಿ, ಇನ್ನೊಂದರದ್ದು ಕೊಟ್ಟಿಗೆಯ ಹಿಂದೆ. ಅಮ್ಮ ಕಿಟಕಿಯ ಸರಳಿಗೆ ಬಟ್ಟೆಚೀಲ ಕಟ್ಟಿ, ಅದರೊಳಗೆ ಫೋನ್ ಇಟ್ಟು, ಸ್ಪೀಕರ್ ಹಾಕಿಕೊಂಡು ಮಾತನಾಡುತ್ತಿದ್ದರು. ಕೈಗೆತ್ತಿಕೊಂಡು ಕಿವಿಗಿಟ್ಟರೆ ಕರೆ ಕಡಿದುಹೋಗುತ್ತಿತ್ತು. ತಿಂಗಳ ಹಣ ಪೂರ್ತಿ ಕೊಟ್ಟವರಿಗೆ ಇಂಥ ಪಾಡು ಬರಬಾರದು.

ಪಕ್ಕದ ಮನೆಯವರ ಮಾತು ಕೇಳಿ ಕಂಪನಿ ಬದಲಿಸಬೇಡಿ. ಒಂದೊಂದು ಕಂಪನಿಯ ಟವರ್ ಒಂದೊಂದು ದಿಕ್ಕಿನಲ್ಲಿರುತ್ತದೆ, ತರಂಗಾಂತರವೂ ಬೇರೆ. 900 ಮೆಗಾಹರ್ಟ್ಸ್ ತರಂಗ ದೂರ ಸಾಗಿ ಗೋಡೆ ದಾಟುತ್ತದೆ. 2300ರದ್ದು ಬೇಗ ಸೋಲುತ್ತದೆ. ನಡುವೆ ಗುಡ್ಡವೊಂದು ಅಡ್ಡ ನಿಂತರೆ ನಿಮ್ಮ ಅಂಗಳಕ್ಕೂ ಅವರ ಅಂಗಳಕ್ಕೂ ಅಜಗಜಾಂತರ.

ಮೊದಲು ಅಳತೆ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದು ಫೋನಿನಿಂದ ಫೋನಿಗೆ ಬದಲಾಗುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ತೆರೆದರೆ ಸಿಮ್ ಸ್ಥಿತಿಯ ಕೆಳಗೆ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ; ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನ, ಮೈನಸ್ 110 ದಾಟಿದರೆ ಪರದಾಟ. ಅಡುಗೆಮನೆ, ಮಲಗುವ ಕೋಣೆ, ತೋಟ, ಮೂರು ಕಡೆಯೂ ಬರೆದಿಟ್ಟುಕೊಳ್ಳಿ. ‘ತುರ್ತು ಕರೆ ಮಾತ್ರ’ ಎಂದು ಬಂದರೆ ಸಾಮಾನ್ಯವಾಗಿ ಅಲ್ಲಿ ಬೇರೊಂದು ಕಂಪನಿಯ ಟವರ್ ಎಟುಕುತ್ತಿದೆ ಎಂದರ್ಥ.

ಕಂಪನಿಗಳ ಜಾಲತಾಣದಲ್ಲಿ ವ್ಯಾಪ್ತಿಯ ನಕ್ಷೆಗಳಿವೆ. ನೋಡಿ, ಆದರೆ ನಕ್ಷೆಗೆ ನಿಮ್ಮ ಮಣ್ಣಿನ ಗೋಡೆಯ ದಪ್ಪ ಗೊತ್ತಿಲ್ಲ. ನೆಂಟರು ಬಂದಾಗ ಅವರ ಫೋನಿನಲ್ಲಿ ಅದೇ ಮೂರು ಜಾಗದ ಅಳತೆ ತೆಗೆಯಿರಿ. ಇಲ್ಲವೇ ಎರಡನೆಯ ಸಿಮ್ ಕೊಂಡು ಒಂದು ತಿಂಗಳು ಬಳಸಿ. ಮಲೆನಾಡಿನವರು ಇನ್ನೊಂದು ಪರೀಕ್ಷೆಯನ್ನು ಮರೆಯಲೇಬಾರದು: ಕರೆಂಟ್ ಹೋಗಿ ನಾಲ್ಕು ಗಂಟೆಯಾದ ಮೇಲೆ ಯಾವ ಸಿಗ್ನಲ್ ಉಳಿದಿದೆ? ಬ್ಯಾಟರಿ ಬರಿದಾದರೆ ಎಂಥ ಟವರ್ ಆದರೂ ಬರೀ ಕಂಬ. ಆಷಾಢದ ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದ ದಿನವೇ ಫೋನ್ ಬೇಕಾಗುವುದು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ದರೆ ಸಿಮ್ ಬದಲಿಸುವ ಮುನ್ನ ಫೋನಿನಲ್ಲಿ ವೈ-ಫೈ ಕಾಲಿಂಗ್, ಅಂದರೆ ಟವರಿನ ಬದಲು ಮನೆಯ ವೈ-ಫೈ ಮೂಲಕ ಕರೆ ಸಾಗಿಸುವ ಸೌಲಭ್ಯ, ಚಾಲೂ ಮಾಡಿ ನೋಡಿ. ಅಮ್ಮನ ಫೋನ್ ಚೀಲದಿಂದ ಹೊರಬಂದದ್ದು ಇದರಿಂದಲೇ. ಸಿಗ್ನಲ್ ಹೆಚ್ಚಿಸಲು ಪೇಟೆಯಲ್ಲಿ ಸಿಗುವ ಬೂಸ್ಟರ್ ಮಾತ್ರ ಬೇಡ. ಪರವಾನಗಿಯಿಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ, ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ.

ಬದಲಿಸುವುದೇ ಖಚಿತವಾದರೆ ಈಗಿನ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಅದೇ ಸಂಖ್ಯೆಯಿಂದ, ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ಮೊಬೈಲ್ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ ಬಾಕಿ ಇರಬಾರದು. ಬರುವ ಎಂಟು ಅಕ್ಷರಗಳ ಸಂಕೇತ ಕರ್ನಾಟಕದಲ್ಲಿ ನಾಲ್ಕು ದಿನ ಊರ್ಜಿತ. ಅದನ್ನೂ ಗುರುತಿನ ಚೀಟಿಯನ್ನೂ ಹೊಸ ಕಂಪನಿಯ ಅಂಗಡಿಗೆ ಒಯ್ಯಿರಿ. ರಾಜ್ಯದೊಳಗೇ ಆದರೆ ಕೆಲಸ ಮುಗಿಯಲು ಮೂರು ಕೆಲಸದ ದಿನಗಳು. ಹಳೆಯ ರೀಚಾರ್ಜ್‌ನಲ್ಲಿ ಉಳಿದದ್ದು ಹೊಸದಕ್ಕೆ ಬರುವುದಿಲ್ಲ, ಆದ್ದರಿಂದ ಅವಧಿ ಮುಗಿಯುವ ವಾರದಲ್ಲಿ ಅರ್ಜಿ ಹಾಕಿ. ಹಳೆಯ ಸಿಮ್ ನಿಂತು ಹೊಸದು ಶುರುವಾಗುವ ನಡುವೆ ಫೋನ್ ಸ್ವಲ್ಪ ಹೊತ್ತು ಸತ್ತಂತಿರುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಆ ಹೊತ್ತಿಗೆ ಮತ್ತೊಂದು ಫೋನ್ ಕೈಗೆಟುಕುವಂತಿರಲಿ.