ಒಂದು ಗುಳ್ಳೆಗೆ ಒಂದೇ ನಳಿಕೆ

ಕಸಿ ಶಸ್ತ್ರಚಿಕಿತ್ಸೆಗೆ ಜಾಗ ಮಾಡಲೆಂದು ತೆಗೆದ ಆ ಕಿಡ್ನಿ ಐಸ್ ಪೆಟ್ಟಿಗೆಯಲ್ಲಿ ಮಣಿಪಾಲದ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ಎರಡು ಕಿಲೋ ದಾಟಿ ತೂಗುತ್ತಿತ್ತು. ಆರೋಗ್ಯವಂತರ ಕಿಡ್ನಿ ಸುಮಾರು 150 ಗ್ರಾಂ. ಮೈತುಂಬ ನೀರುಗುಳ್ಳೆ, ಕಡಲೆಕಾಳಿನಷ್ಟರಿಂದ ನಿಂಬೆಹಣ್ಣಿನಷ್ಟರವರೆಗೆ. ಅದು ಮಲ್ಪೆಯಲ್ಲಿ ಹರಿದ ಬಲೆ ಸರಿಪಡಿಸುವ ಒಬ್ಬ ಹಿರಿಯರದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅವರು ಕೇಳಿದ್ದೇ ನನ್ನ ಪಿಎಚ್‌ಡಿಯ ಪ್ರಶ್ನೆಯೂ ಆಗಿತ್ತು: "ಕೆಟ್ಟ ಜೀನ್ ಹುಟ್ಟಿನಿಂದಲೇ ಮೈಯೆಲ್ಲ ಇದ್ದರೆ, ಗುಳ್ಳೆ ಅಲ್ಲಲ್ಲಿ ಮಾತ್ರ ಏಕೆ ಮೇಡಂ?"

ಪಾಲಿಸಿಸ್ಟಿಕ್ ಕಿಡ್ನಿ ಎಂಬ, ಕಿಡ್ನಿ ತುಂಬ ನೀರುಗುಳ್ಳೆ ಬೆಳೆಯುವ ಈ ವಂಶಪಾರಂಪರ್ಯ ಕಾಯಿಲೆಯ ಬಹುಪಾಲು ಕುಟುಂಬಗಳಲ್ಲಿ ಕೆಟ್ಟಿರುವುದು 16ನೆಯ ಕ್ರೋಮೋಸೋಮಿನ ಪಿಕೆಡಿ-1 ಜೀನ್. ಅದನ್ನು ಗುರುತಿಸಿದ್ದು 1994ರಲ್ಲಿ. ಪ್ರತಿಯೊಂದು ಜೀವಕೋಶದಲ್ಲೂ ಅದರ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಕಿಡ್ನಿಯೊಳಗಿನ ಯಾವುದೋ ಒಂದು ಸೂಕ್ಷ್ಮ ಮೂತ್ರನಾಳಿಕೆಯ ಯಾವುದೋ ಒಂದು ಕೋಶದಲ್ಲಿ ಆ ಇನ್ನೊಂದೂ ನಿಷ್ಕ್ರಿಯವಾದಾಗ ಕೋಶ ಹದ ತಪ್ಪಿ ವಿಭಜಿಸತೊಡಗುತ್ತದೆ, ನಾಳಿಕೆ ಉಬ್ಬಿ ದ್ರವ ತುಂಬಿಕೊಳ್ಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹಿರಿಯರೇ ಮುಂದುವರಿಸಿದರು: "ಜೋಡಿ ಎಳೆಯ ಬಲೆಯ ಹಾಗೆ. ಒಂದು ಎಳೆ ಮೊದಲೇ ಸವೆದು ಲಡ್ಡಾಗಿದೆ. ಇನ್ನೊಂದು ಎಲ್ಲಿ ಕಡಿಯಿತೋ ಅಲ್ಲಿ ಮಾತ್ರ ತೂತು." ನಾನು ಓದಿದ ಯಾವ ವಿವರಣೆಯೂ ಇಷ್ಟು ನೇರವಾಗಿರಲಿಲ್ಲ.

ಒಂದು ಗುಳ್ಳೆಯ ಒಳಪದರ ಒಂದೇ ಕೋಶದಿಂದ ಬೆಳೆದದ್ದು ಎಂದು ಬಾಲ್ಟಿಮೋರಿನ ಸಂಶೋಧಕರು 1996ರಲ್ಲೇ ತೋರಿಸಿದ್ದರು. ನಾನು ಅದನ್ನು ಓದಿದ್ದೆ, ಆದರೂ ಮೊದಲ ಸಲ ಡಿಎನ್‌ಎ ಸಾಕಾಗಲಿಕ್ಕಿಲ್ಲ ಎಂಬ ಭಯದಿಂದ ಹತ್ತು ಗುಳ್ಳೆಗಳ ಗೋಡೆಗಳನ್ನು ಒಟ್ಟಿಗೆ ಅರೆದುಬಿಟ್ಟೆ. ಫಲಿತಾಂಶ ಹೋಲಿಕೆಗೆ ಇಟ್ಟುಕೊಂಡ ಹಿರಿಯರ ರಕ್ತದ ಮಾದರಿಯಂತೆಯೇ ಬಂತು, ಎರಡು ಪ್ರತಿಗಳೂ ಕಂಡವು. ಎರಡನೆಯ ಎಳೆ ಒಂದೊಂದು ಗುಳ್ಳೆಯಲ್ಲಿ ಒಂದೊಂದು ರೀತಿ ಕಡಿದಿರುತ್ತದೆ. ಎಲ್ಲವನ್ನೂ ಬೆರೆಸಿದರೆ ಯಾವುದೂ ಕಾಣುವುದಿಲ್ಲ. ಅದಲ್ಲದೆ ಗೋಡೆಯಲ್ಲಿರುವ ರಕ್ತನಾಳ, ನಾರಿನ ಕೋಶಗಳಲ್ಲಿ ಒಳ್ಳೆಯ ಪ್ರತಿ ಹಾಗೆಯೇ ಇರುತ್ತದೆ, ಅದು ಒಳಪದರದ ಸುದ್ದಿಯನ್ನು ಮುಚ್ಚಿಬಿಡುತ್ತದೆ.

ಅದೃಷ್ಟಕ್ಕೆ ಅರ್ಧ ಕಿಡ್ನಿ ಉಳಿದಿತ್ತು. ಈ ಸಲ ಸಿರಿಂಜಿನಿಂದ ಗುಳ್ಳೆಯ ದ್ರವ ಹೀರಿ, ಕತ್ತರಿಸಿ ತೆರೆದು, ತಣ್ಣನೆಯ ಉಪ್ಪುದ್ರಾವಣದಲ್ಲಿ ರಕ್ತದ ಬಣ್ಣ ಪೂರ್ತಿ ಹೋಗುವವರೆಗೆ ತೊಳೆದೆ. ಕೋಶಗಳ ಹಿಡಿತ ಬಿಡಿಸುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ನೆನೆಸಿದ ಮೇಲೆ ಒಳಪದರ ಸಡಿಲವಾಗುತ್ತದೆ. ಆಗ ಮೆಲ್ಲನೆ ಕೆರೆದರೆ ತೆಳುವಾದ ಪೊರೆ ಎದ್ದು ಬರುತ್ತದೆ. ಒತ್ತಿ ಕೆರೆದರೆ ಕೆಳಗಿನ ನಾರೂ ಬಂದು ಮಾದರಿ ಹಾಳು. ಪ್ರತಿಯೊಂದು ಗುಳ್ಳೆಗೂ ಹೊಸ ಬ್ಲೇಡ್, ಬೇರೆ ನಳಿಕೆ, ಬೇರೆ ಸಂಖ್ಯೆ. ಇದರಲ್ಲಿ ಅವಸರ ಮಾಡುವವರಿಗೆ ಈ ಕೆಲಸ ಕೊಡಬಾರದು ಎಂದೇ ನನ್ನ ಅಭಿಪ್ರಾಯ.

ಆರನೆಯ ಗುಳ್ಳೆಯಲ್ಲಿ ಕಂಡಿತು. ಪಿಕೆಡಿ-1ರ ಪಕ್ಕದಲ್ಲಿ ಎರಡು ಪ್ರತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದಾದ ಜಾಗದಲ್ಲಿ ರಕ್ತದ ಡಿಎನ್‌ಎ ಗ್ರಾಫಿನಲ್ಲಿ ಪ್ರತಿಗೊಂದರಂತೆ ಎರಡು ಶಿಖರ ತೋರಿಸುತ್ತಿದ್ದರೆ, ಗುಳ್ಳೆಯದು ಒಂದನ್ನು ತೋರಿಸಿತು. ಇನ್ನೊಂದು ನೆಲಕ್ಕೆ ಇಳಿದಿತ್ತು. ಕಳೆದುಹೋದದ್ದು ಯಾವ ಪ್ರತಿ? ಕಾಯಿಲೆ ಬಂದಿರುವ ಮಗನ ರಕ್ತದೊಡನೆ ಹೋಲಿಸಿದೆ. ತಂದೆ ಮಗನಿಗೆ ಕೊಟ್ಟದ್ದು ಉಳಿದಿತ್ತು, ಕೊಡದ ಒಳ್ಳೆಯ ಪ್ರತಿ ಹೋಗಿತ್ತು. ಆ ರಾತ್ರಿ ಮಳೆಯಲ್ಲಿ ಹಾಸ್ಟೆಲಿಗೆ ನಡೆದು ಹೋದದ್ದು ಈಗಲೂ ನೆನಪಿದೆ.

ಉಳಿದ ಗುಳ್ಳೆಗಳಲ್ಲಿ ಸಣ್ಣ ಬದಲಾವಣೆ ಹುಡುಕುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಅದೇ ಕ್ರೋಮೋಸೋಮಿನಲ್ಲಿ ಪಿಕೆಡಿ-1ನ್ನು ಬಹುವಾಗಿ ಹೋಲುವ ಆರು ನಿರುಪಯೋಗಿ ಜೀನ್‌ಗಳಿವೆ. ಕೆಲವು ಗುಳ್ಳೆಗಳಲ್ಲಿ ಏನೂ ಸಿಗಲಿಲ್ಲ. ಎರಡನೆಯ ಎಳೆ ಪೂರ್ತಿ ಕಡಿಯಲೇಬೇಕೆಂದಿಲ್ಲ, ಜೀನಿನ ಕೆಲಸ ಒಂದು ಮಟ್ಟಕ್ಕಿಂತ ಕುಗ್ಗಿದರೂ ಗುಳ್ಳೆಯಾಗಬಹುದು ಎಂಬುದಕ್ಕೆ ಇಲಿಗಳಲ್ಲಿ ಪುರಾವೆ ಇದೆ.

ಫಲಿತಾಂಶ ಹೇಳಲು ಕೂತಾಗ ಮಗ ಕೇಳಿದ್ದು ಒಂದೇ: "ಅಪ್ಪನ ಕಿಡ್ನಿಯಲ್ಲಿ ಆಮೇಲೆ ಕಡಿದದ್ದು ನನ್ನ ಮಗಳಿಗೂ ಹೋಗುತ್ತದೆಯೇ?" ಇಲ್ಲ ಎಂದೆ. ಅದು ಆ ಗುಳ್ಳೆಯಲ್ಲೇ ಹುಟ್ಟಿ ಅಲ್ಲೇ ಮುಗಿಯುವಂಥದ್ದು. ಮಗಳಿಗೆ ಹೋಗಬಹುದಾದದ್ದು ಮೊದಲಿನ ಲಡ್ಡು ಎಳೆ ಮಾತ್ರ, ಅದೂ ಶೇ. 50ರ ಸಾಧ್ಯತೆ. ಅವರು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು, ಹೊರಗೆ ಕುಳಿತಿದ್ದ ಹೆಂಡತಿಯನ್ನು ಒಳಗೆ ಕರೆದರು.