ಒಂದು ಒಲೆ, ಎಂಟು ಜನ: ಜಪಾನಿ–ಕೊರಿಯನ್ ಊಟಕ್ಕೆ ಗುಂಪಾಗಿ ಹೋಗುವಾಗ

ಟೇಬಲ್ ಬುಕ್ ಮಾಡುವಾಗ ಎಷ್ಟು ಜನ ಅಂತ ಹೇಳಿದರೆ ಸಾಲದು. ಎಷ್ಟು ಒಲೆ ಸಿಗುತ್ತದೆ ಅಂತಲೂ ಕೇಳಿ. ಕೊರಿಯನ್ ಗ್ರಿಲ್, ಅಂದರೆ ಮಾಂಸ ಸುಡುವ ಒಲೆ, ಟೇಬಲ್ಲಿನ ನಡುವೆಯೇ ಇರುತ್ತದೆ. ನಾಲ್ಕು ಜನಕ್ಕೆ ಒಂದಿದ್ದರೆ ಆರಾಮ. ಒಂದರ ಸುತ್ತ ಎಂಟು ಜನ ಕೂತರೆ ತುದಿಯಲ್ಲಿದ್ದವರಿಗೆ ಬರೀ ವಾಸನೆ.

ಸಸ್ಯಾಹಾರಿಗಳಿದ್ದರೆ ಅದೇ ಫೋನಿನಲ್ಲಿ ವಿಚಾರಿಸಿ. ಮಿಸೊ ಸೂಪ್ ನೋಡಲು ಬಲು ಸಾಧು. ಆದರೆ ಅದರ ದಾಶಿಯನ್ನು, ಅಂದರೆ ಮೂಲ ಸಾರನ್ನು, ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನಿಂದ ತೆಗೆದಿರುತ್ತಾರೆ. ಹುಳಿ ಬರಿಸಿದ ತರಕಾರಿಯ ಕಿಮ್ಚಿಗೂ ಎಷ್ಟೋ ಕಡೆ ಮೀನಿನ ಸಾಸ್ ಅಥವಾ ಉಪ್ಪಿಗೆ ಹಾಕಿದ ಸಿಗಡಿ ಬೀಳುತ್ತದೆ. 'ಮಾಂಸ ಇಲ್ಲ ಅಲ್ವಾ?' ಅಂತ ಕೇಳಬೇಡಿ. ಮೀನಿದೆಯಾ ಅಂತ ಬಿಡಿಸಿ ಕೇಳಿ.

ಎಲ್ಲವನ್ನೂ ಒಂದೇ ಸಲ ಆರ್ಡರ್ ಮಾಡಬೇಡಿ. ಮೊದಲು ಚಿಕ್ಕ ಬಟ್ಟಲುಗಳಲ್ಲಿ ಬಾಂಚನ್, ಅಂದರೆ ನಂಜಿಕೊಳ್ಳುವ ವ್ಯಂಜನ, ಬರುತ್ತದೆ. ಕೊರಿಯಾದಲ್ಲಾದರೆ ಸಾಮಾನ್ಯವಾಗಿ ಇದಕ್ಕೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತಂದಿಡುತ್ತಾರೆ. ಸುಶಿ, ಮೋಮೊದಂಥ ಗ್ಯೋಜಾ ನಡುವಿಗಿಟ್ಟು ಹಂಚಿಕೊಳ್ಳಿ. ರಾಮೆನ್ ಮಾತ್ರ ಅವರವರದು. ಬಟ್ಟಲು ಬಂದ ಕೂಡಲೇ ಶುರು ಮಾಡಿ, ಸುಮ್ನೆ ಉಳಿದವರಿಗೆ ಕಾದರೆ ನೂಡಲ್ಸ್ ಊದಿಕೊಳ್ಳುತ್ತದೆ.

ಇನ್ನು ಗ್ರಿಲ್. ಇಕ್ಕಳ ಒಬ್ಬರ ಕೈಯಲ್ಲೇ ಇರಲಿ. ಎಲ್ಲರೂ ತಿರುವಲು ಹೋದರೆ ಯಾವುದು ಬೆಂದಿದೆ, ಯಾವುದು ಹಸಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಮಸಾಲೆ ಹಚ್ಚದ ಸಮ್‌ಗ್ಯೊಪ್ಸಲ್, ಅಂದರೆ ಹಂದಿಯ ಹೊಟ್ಟೆಭಾಗದ ಮಾಂಸ. ಸಿಹಿ ಸೋಯಾ ಮಸಾಲೆಯಲ್ಲಿ ನೆನೆಸಿದ ಬುಲ್ಗೊಗಿ (ತೆಳ್ಳಗೆ ಹೆಚ್ಚಿದ ಮಾಂಸ), ಗಾಲ್ಬಿ (ಪಕ್ಕೆಲುಬಿನ ಮಾಂಸ) ಆಮೇಲೆ. ನಾನೊಮ್ಮೆ ಆಸೆಬುರುಕತನಕ್ಕೆ ಗಾಲ್ಬಿಯನ್ನೇ ಮೊದಲು ಹಾಕಿದೆ. ಸೋಯಾ ಸಾಸಿನ ಜೊತೆಗಿದ್ದ ಸಕ್ಕರೆ ಹತ್ತೇ ನಿಮಿಷದಲ್ಲಿ ಕರಕಲಾಗಿ ಕಂಬಿಗೆ ಅಂಟಿತು. ಆಮೇಲೆ ಬೆಂದದ್ದೆಲ್ಲ ಕಹಿ. ಗ್ರಿಲ್ಲಿನ ತಟ್ಟೆ ಕಪ್ಪಾದರೆ ಬದಲಿಸಿ ಅಂತ ಕೇಳಬಹುದು ಅನ್ನುವುದು ಆಗ ಗೊತ್ತಿರಲಿಲ್ಲ!

ಬೆಂದ ತುಂಡನ್ನು ಲೆಟ್ಯೂಸ್ ಎಲೆಯ ಮೇಲಿಡಿ. ಸ್ವಲ್ಪ ಸ್ಸಮ್‌ಜಾಂಗ್ (ಸೋಯಾದ ಖಾರದ ಪೇಸ್ಟ್), ಒಂದೆಸಳು ಬೆಳ್ಳುಳ್ಳಿ. ಎಲೆಯನ್ನು ಗಂಟಿನಂತೆ ಮಡಚಿ ಇಡಿಯಾಗಿ ಬಾಯಿಗೆ ಹಾಕಿ. ಅರ್ಧ ಕಚ್ಚಿದರೆ ಉಳಿದರ್ಧ ಮಡಿಲಿಗೆ.

ಚಾಪ್‌ಸ್ಟಿಕ್ ವಿಷಯದಲ್ಲಿ ಎರಡು ನೆನಪಿರಲಿ. ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ. ಚಾಪ್‌ಸ್ಟಿಕ್‌ನಿಂದ ಚಾಪ್‌ಸ್ಟಿಕ್‌ಗೆ ತಿಂಡಿ ದಾಟಿಸಲೂ ಬೇಡಿ. ಜಪಾನಿನಲ್ಲಿ ಶವ ಸುಟ್ಟ ಮೇಲೆ ಮೂಳೆ ಎತ್ತುವುದು ಹಾಗೆ. ತಿಂಡಿಯನ್ನು ತಟ್ಟೆಗಿಡಿ, ಅವರು ಎತ್ತಿಕೊಳ್ಳಲಿ.

ಕೊನೆಗೆ ಹೊಟ್ಟೆಯಲ್ಲಿ ಜಾಗವಿದ್ದರೆ ತಣ್ಣಗಿನ ನೆಂಗ್‌ಮ್ಯೊನ್ ಹೇಳಿ, ಇಬ್ಬರಿಗೆ ಒಂದು ಸಾಕು. ಆ ನೂಡಲ್ಸ್ ಬಲು ಉದ್ದ, ರಬ್ಬರಿನಂತೆ ಎಳೆಯುತ್ತದೆ. ಕತ್ತರಿಯಿಂದಲೇ ಕತ್ತರಿಸುತ್ತಾರೆ. ಹಸಿ ಮಾಂಸ ಕತ್ತರಿಸಿದ್ದು ಬೇಡ, ಬೇರೆ ಕತ್ತರಿ ಕೇಳಿ.